ಮರಳಿನ ಹಾಸಿನಿಂದ ಅಂಗೈ ತೆರೆಯವರೆಗೆ

ಇನ್ನು ಹತ್ತು ವರ್ಷಗಳಲ್ಲಿ ಶಾಲೆಗಳ ಸ್ವರೂಪವೇ ಬದಲಾಗಲಿದೆ, ಅಲ್ಲಿ ಪುಸ್ತಕಗಳಿಗೆ ಕೆಲಸವಿರುವುದಿಲ್ಲ, ಚಲನಚಿತ್ರವೇ ಎಲ್ಲವನ್ನೂ ಕಲಿಸಲಿದೆ ಎಂದು ಅಮೆರಿಕದ ಸಂಶೋಧಕ ಥಾಮಸ್ ಆಲ್ವ ಎಡಿಸನ್ ಪತ್ರಿಕೆಯೊಂದಕ್ಕೆ ಹೇಳಿದ್ದು 1913ರಲ್ಲಿ. ಅದೇ ವರ್ಷ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣ ಕಾನೂನನ್ನು ತಂದು, ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಕಳುಹಿಸುವ ವ್ಯವಸ್ಥೆಗೆ ದಾರಿ ಮಾಡಿತು. ಆಗ ದಿವಾನರಾಗಿದ್ದವರು ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. ಅಮೆರಿಕದಲ್ಲಿ ಪುಸ್ತಕಕ್ಕೆ ವಿದಾಯ ಹೇಳುವ ಮಾತು ನಡೆದಿದ್ದಾಗ, ಇಲ್ಲಿ ಹಳ್ಳಿಯ ಮಗುವಿನ ಕೈಗೆ ಮೊದಲ ಪುಸ್ತಕ ಕೊಡಿಸುವ ಸಿದ್ಧತೆ ನಡೆದಿತ್ತು.

ಎಡಿಸನ್ ಹೇಳಿದ ಹತ್ತು ವರ್ಷ ಎಂದೋ ಕಳೆಯಿತು. ಪುಸ್ತಕ ಶಾಲೆಯಿಂದ ಹೊರಗೆ ಹೋಗಲಿಲ್ಲ. ಚಲಿಸುವ ಚಿತ್ರ ಹಳ್ಳಿಯ ತರಗತಿಯ ನಿತ್ಯದ ಪಾಠಕ್ಕೆ ಕೈಗೆಟುಕಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಿಕ್ಷಕರು ಹೃದಯದ ಬಡಿತವನ್ನೋ ಜ್ವಾಲಾಮುಖಿಯನ್ನೋ ಮಕ್ಕಳಿಗೆ ತೋರಿಸಬೇಕೆಂದರೆ ಜೇಬಿನಲ್ಲಿರುವ ಮೊಬೈಲ್ ಸಾಕು. ಅಂತರ್ಜಾಲದಲ್ಲಿ ವಿಡಿಯೊಗಳಿಗೆ ಬರವಿಲ್ಲ. ಬೇರೆ ಬೇರೆ ಊರುಗಳ ಶಿಕ್ಷಕರು ತಮ್ಮ ಪಾಠದ ಟಿಪ್ಪಣಿ, ಪ್ರಯೋಗದ ವಿವರಗಳನ್ನು ಬ್ಲಾಗುಗಳಲ್ಲಿ ಬರೆದಿಟ್ಟಿದ್ದಾರೆ.

ಇವೆಲ್ಲ ಇದ್ದಕ್ಕಿದ್ದಂತೆ ಬಂದವಲ್ಲ. ಪುಸ್ತಕದ ಆಚೆಗಿನದನ್ನು ತರಗತಿಗೆ ತರುವ ಪ್ರಯತ್ನಕ್ಕೆ ಈ ಭಾಗದಲ್ಲಿ ದೀರ್ಘ ಇತಿಹಾಸವಿದೆ. ಅದನ್ನು ತಿರುವಿ ಹಾಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಉಪಾಧ್ಯಾಯರನ್ನು ಬದಿಗೆ ಸರಿಸಿ ಮಕ್ಕಳಿಗೆ ನೇರವಾಗಿ ಕಲಿಸಲು ಹೊರಟ ಸಾಧನಗಳು ತರಗತಿಯಲ್ಲಿ ಬೇರು ಬಿಡಲಿಲ್ಲ. ಉಪಾಧ್ಯಾಯರು ಬೇಕೆಂದಾಗ ಎತ್ತಿಕೊಂಡು, ಬೇಡವೆಂದಾಗ ಕೆಳಗಿಡಬಹುದಾದ ಸಾಧನಗಳು ಉಳಿದುಕೊಂಡವು.

ಬೆರಳೇ ಬಳಪ

ಸರ್ಕಾರಿ ಶಾಲೆಗಳು ಬರುವ ಮೊದಲು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದವು ಕೂಲಿಮಠಗಳು. ದೇವಸ್ಥಾನದ ಪಡಸಾಲೆಯೋ ಮನೆಯ ಜಗಲಿಯೋ ಶಾಲೆಯಾಗುತ್ತಿತ್ತು. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುವುದು ವಾಡಿಕೆ. ಬರೆದದ್ದು ತಪ್ಪಾದರೆ ಅಂಗೈಯಿಂದ ಸವರಿದರಾಯಿತು. ಹಿರಿಯ ಹುಡುಗರು ಕಿರಿಯರಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಕಾಗದವಿಲ್ಲ, ಹಲಗೆಯಿಲ್ಲ, ಖರ್ಚೂ ಇಲ್ಲ.

ಈ ಮರಳಿನ ಪಾಠ ಸಮುದ್ರ ದಾಟಿದ್ದು ಸ್ವಾರಸ್ಯಕರ ಕಥೆ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಹತ್ತಿರದ ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಅದನ್ನು ಜಾರಿಗೆ ತಂದ. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದ. ಇಂಗ್ಲೆಂಡಿಗೆ ಮರಳಿದ ಮೇಲೆ 1797ರಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದ. 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಅದು ಬ್ರಿಟನ್ನಿನ ಬಡಮಕ್ಕಳ ಶಾಲೆಗಳಿಗೆ ಹರಡಿತು. ಒಂದು ಊರಿನ ಮೇಷ್ಟರ ಉಪಾಯ ಬರಹದ ಮೂಲಕ ಇನ್ನೊಂದು ಊರಿನ ಮೇಷ್ಟರಿಗೆ ತಲುಪುವುದು ಹೊಸದೇನಲ್ಲ ಎಂಬುದಕ್ಕೆ ಇದು ಹಳೆಯ ನಿದರ್ಶನ. ಇಂದಿನ ಬ್ಲಾಗು ಮಾಡುತ್ತಿರುವುದೂ ಅದನ್ನೇ. ಅಂದು ತಿಂಗಳುಗಟ್ಟಲೆ ಹಡಗಿನಲ್ಲಿ ಹೋದ ವಿಷಯ ಇಂದು ಕ್ಷಣದಲ್ಲಿ ಹೋಗುತ್ತದೆ.

ಮೈಸೂರಿನಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಆರಂಭವಾಯಿತು. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು, ಕೂಲಿಮಠದ ಉಪಾಧ್ಯಾಯರಿಗೇ ತರಬೇತಿ ಕೊಟ್ಟು ಬಳಸಿಕೊಳ್ಳಬೇಕು ಎಂಬ ಈ ಚಿಂತನೆಯ ಹಿಂದೆ ಇದ್ದವರು ಶಿಕ್ಷಣ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್. ಕನ್ನಡಿಗರಿಗೆ ಅವರು ಹೆಚ್ಚು ಪರಿಚಿತರಾಗಿರುವುದು ಶಾಸನಗಳ ಮೂಲಕ. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಹತ್ತನೆಯ ಸಂಪುಟ ಇಡಿಯಾಗಿ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲು. ಅದು ಪ್ರಕಟವಾದದ್ದು 1905ರಲ್ಲಿ. ಈ ಸಂಪುಟದ ಮಾತು ಮುಂದೆ ಮತ್ತೆ ಬರಲಿದೆ.

ಹೋಬಳಿ ಶಾಲೆಗಳ ಜತೆ ಕರಿಹಲಗೆ, ಭೂಪಟ, ಸ್ಲೇಟು ಬಂದವು. ಇವುಗಳಲ್ಲಿ ಕರಿಹಲಗೆಯಷ್ಟು ಗಟ್ಟಿಯಾಗಿ ನೆಲೆ ನಿಂತ ಸಾಧನ ಮತ್ತೊಂದಿಲ್ಲ. ಉಪಾಧ್ಯಾಯರು ಬರೆದಷ್ಟೇ ಅದರ ಮೇಲೆ ಮೂಡುತ್ತದೆ. ಮಕ್ಕಳಿಗೆ ಅರ್ಥವಾಗದಿದ್ದರೆ ಒರೆಸಿ ಇನ್ನೊಂದು ರೀತಿ ಬರೆಯಬಹುದು. ಪಾಠದ ವೇಗ ಪೂರ್ತಿ ಉಪಾಧ್ಯಾಯರ ಕೈಯಲ್ಲಿ. ಆದರೆ ಅದೂ ಎಲ್ಲ ಶಾಲೆಗಳಿಗೆ ದಕ್ಕಿರಲಿಲ್ಲ. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಜತೆಗೆ ಹಲಗೆ, ನಕ್ಷೆ, ಪಾಠೋಪಕರಣಗಳು ಇರಬೇಕೆಂದು ಕೇಂದ್ರ ಸರ್ಕಾರ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಆರಂಭಿಸಿದ್ದು 1987ರಲ್ಲಿ. ಸ್ವಾತಂತ್ರ್ಯ ಬಂದು 40 ವರ್ಷಗಳಾದ ಮೇಲೆ ಕರಿಹಲಗೆಯ ಹೆಸರಿನಲ್ಲಿ ಯೋಜನೆ ಹಾಕಬೇಕಾಗಿ ಬಂತೆಂದರೆ ಹಳ್ಳಿಯ ಶಾಲೆಗಳ ಸ್ಥಿತಿ ಹೇಗಿತ್ತೆಂದು ಊಹಿಸಬಹುದು.

ಗಾಳಿಯಲ್ಲಿ ಬಂದ ಪಾಠ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಬೆಂಗಳೂರು ಕೇಂದ್ರ 1955ರಲ್ಲಿ ಶುರುವಾಯಿತು. ಶಾಲಾ ಮಕ್ಕಳಿಗಾಗಿಯೇ ಪಾಠಗಳು ಬಾನುಲಿಯಲ್ಲಿ ಬಂದವು. ಈಚಿನ ದಶಕಗಳಲ್ಲಿ 'ಚಿಣ್ಣರ ಚುಕ್ಕಿ', 'ಕೇಳಿ ಕಲಿ' ಮುಂತಾದ ಕಾರ್ಯಕ್ರಮಗಳು ಹಾಡು, ಆಟ, ಸಂಭಾಷಣೆಯ ಮೂಲಕ ಹಳ್ಳಿಯ ಮಕ್ಕಳನ್ನು ರೇಡಿಯೊ ಸುತ್ತ ಕೂರಿಸಿದವು.

ಗಡಿ ತಾಲ್ಲೂಕುಗಳಿಗೆ ರೇಡಿಯೊ ಒಂದು ವಿಶೇಷ ಉಪಕಾರ ಮಾಡಿತು. ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಮಾಲೂರಿನ ಗಡಿ ಹಳ್ಳಿಗಳಲ್ಲಿ ತಮಿಳೂ ಕೇಳಿಸುತ್ತದೆ. ಪಟ್ಟಣಗಳಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಇಂಥ ಮಗುವಿಗೆ ಕನ್ನಡ ಶಾಲೆಯ ಭಾಷೆ. ಒಂದರ್ಥದಲ್ಲಿ ಪುಸ್ತಕದ ಭಾಷೆ. ಹಾಡು, ನಾಟಕವಾಗಿ ಕೇಳಿದ ಕನ್ನಡ ಆ ಮಗುವಿಗೆ ಕಿವಿಯ ಭಾಷೆಯೂ ಆಯಿತು.

ಆದರೆ ರೇಡಿಯೊಗೆ ಒಂದು ತೊಡಕಿತ್ತು. ಅದರ ವೇಳೆ ಅದರದ್ದೇ. ತರಗತಿ ಭಿನ್ನರಾಶಿಯಲ್ಲಿ ಸಿಕ್ಕಿಕೊಂಡಿದ್ದಾಗ ಬಾನುಲಿ ಸಸ್ಯಗಳ ಬಗ್ಗೆ ಹೇಳುತ್ತಿರಬಹುದು. ಮಗುವೊಂದು ಪ್ರಶ್ನೆ ಕೇಳಿದರೆ ಕಾರ್ಯಕ್ರಮ ಕಾಯುವುದಿಲ್ಲ. ವಿದ್ಯುತ್ ಹೋದರೆ ಆ ಪಾಠ ಹೋಯಿತೆಂದೇ ಅರ್ಥ.

ಚಲನಚಿತ್ರಕ್ಕೂ ಪ್ರಯತ್ನ ನಡೆದಿತ್ತು. ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರವಾರ ಉಪನ್ಯಾಸ, ಜತೆಗೆ ವಿಜ್ಞಾನ ಚಿತ್ರಗಳ ಪ್ರದರ್ಶನ ಅದರ ಕಾರ್ಯಕ್ರಮ. ವಿಜ್ಞಾನವನ್ನು ಕನ್ನಡದಲ್ಲಿ ಮಕ್ಕಳ ಮುಂದಿಡಲು 'ಬಾಲವಿಜ್ಞಾನ' ಮಾಸಪತ್ರಿಕೆ 1978ರಲ್ಲಿ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಹುಟ್ಟಿತು. ಅಂತರ್ಜಾಲವಿಲ್ಲದ ಕಾಲದಲ್ಲಿ ಹಳ್ಳಿಯ ವಿಜ್ಞಾನ ಶಿಕ್ಷಕರಿಗೆ ಅಂಚೆಯಲ್ಲಿ ಬರುವ ಇಂಥ ಪತ್ರಿಕೆಯೇ ಪುಸ್ತಕದಾಚೆಯ ಆಧಾರವಾಗಿತ್ತು.

ಉಪಗ್ರಹದ ಆಸೆ

ದೇಶವೇ ತಿರುಗಿ ನೋಡಿದ ಪ್ರಯೋಗ 1975ರ ಆಗಸ್ಟ್ 1ರಂದು ಆರಂಭವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮ ಬಿತ್ತರಿಸಲಾಯಿತು. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ ಮೀಸಲಾಗಿತ್ತು. ಕನ್ನಡವೂ ಪ್ರಸಾರದ ಭಾಷೆಗಳಲ್ಲಿ ಒಂದು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಲಾರದ ಮಕ್ಕಳಿಗೆ ಆ ಭಾಗ್ಯ ಇರಲಿಲ್ಲ.

ಸೈಟ್‌ನ ಫಲಿತಾಂಶ ಮಿಶ್ರವಾಗಿತ್ತು. ಟಿ.ವಿ. ಬಂದ ಮಾತ್ರಕ್ಕೆ ಶಾಲೆಯ ಹಾಜರಾತಿ ಏರಲಿಲ್ಲ. ಆದರೆ ಇದೇ ಪ್ರಯೋಗದ ಇನ್ನೊಂದು ಭಾಗ ಚೆನ್ನಾಗಿ ನಡೆಯಿತು. ಅದು ಮಕ್ಕಳಿಗಲ್ಲ, ಶಿಕ್ಷಕರಿಗೆ ಕೊಟ್ಟ ತರಬೇತಿ. ಉಪಗ್ರಹದ ಕಾರ್ಯಕ್ರಮದ ಜತೆ ಪುಸ್ತಕ, ಚರ್ಚೆ, ಕೈಯಾರೆ ಮಾಡುವ ಪ್ರಯೋಗಗಳನ್ನು ಸೇರಿಸಿ ಹತ್ತಾರು ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯನ್ನು ಹೇಳಿಕೊಡಲಾಯಿತು. ಟಿ.ವಿ. ಮೇಷ್ಟರ ಬದಲಿಗೆ ನಿಂತಾಗ ಸಿಗದ ಫಲ, ಮೇಷ್ಟರಿಗೆ ನೆರವಾದಾಗ ಸಿಕ್ಕಿತು.

ಶಿಕ್ಷಣಕ್ಕೆಂದೇ ರೂಪಿಸಿದ 'ಎಜುಸ್ಯಾಟ್' ಉಪಗ್ರಹವನ್ನು ಇಸ್ರೊ 2004ರ ಸೆಪ್ಟೆಂಬರ್ 20ರಂದು ಹಾರಿಸಿತು. ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ತಲುಪಿದವು. ಆದರೂ ಹಳೆಯ ತೊಡಕು ಬೆನ್ನು ಬಿಡಲಿಲ್ಲ. ಪಾಠ ಬೆಂಗಳೂರಿನಿಂದ ಬರುತ್ತಿತ್ತು, ಅದೂ ನಿಗದಿತ ವೇಳೆಗೆ. ಅದನ್ನು ತಡೆದು ನಿಲ್ಲಿಸಿ 'ಈಗ ಹೇಳಿ ನೋಡೋಣ' ಎನ್ನುವ ಅವಕಾಶ ಶಾಲೆಯ ಶಿಕ್ಷಕರಿಗೆ ಇರಲಿಲ್ಲ.

ಗಡಿಯಾಚೆಯ ಇಬ್ಬರು ನೆರೆಯವರು

ಕೋಲಾರ ಜಿಲ್ಲೆಗೆ ತಾಗಿಕೊಂಡಂತೆ ಆಂಧ್ರಪ್ರದೇಶದಲ್ಲಿ ಎರಡು ಸಂಸ್ಥೆಗಳು ಬೇರೆಯೇ ದಾರಿ ಹಿಡಿದವು. ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ಮೇಲೆ ಹೋದರೆ ಮದನಪಲ್ಲಿ. ಅದು ಜಿಡ್ಡು ಕೃಷ್ಣಮೂರ್ತಿಯವರ ಹುಟ್ಟೂರು. ಅದರ ಬಳಿಯ ರಿಷಿ ವ್ಯಾಲಿಯಲ್ಲಿ, ಒಂದೇ ಕೊಠಡಿಯಲ್ಲಿ ಹಲವು ತರಗತಿಗಳ ಮಕ್ಕಳು ಕೂರುವ ಹಳ್ಳಿಯ ಶಾಲೆಗಾಗಿ ಕಲಿಕಾ ಕಾರ್ಡುಗಳ ಪದ್ಧತಿ ರೂಪುಗೊಂಡಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಕನ್ನಡದ ಕಾರ್ಡುಗಳನ್ನು ತಾವೇ ತಯಾರಿಸಿದರು. ಹೀಗೆ 1995ರಲ್ಲಿ ಹುಟ್ಟಿದ್ದು 'ನಲಿ-ಕಲಿ'. ಮುಂದೆ 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು. ಶ್ರೀನಿವಾಸಪುರದ ಪಕ್ಕದಲ್ಲೇ ಹುಟ್ಟಿದ ಆಲೋಚನೆ ಕಾಡಂಚಿನ ಕೋಟೆಯನ್ನು ಸುತ್ತಿಕೊಂಡು ಶ್ರೀನಿವಾಸಪುರಕ್ಕೆ ಬಂತು!

ಇನ್ನೊಂದು ಸಂಸ್ಥೆ ಇರುವುದು ಬಂಗಾರಪೇಟೆಯಿಂದ ಜೋಲಾರಪೇಟೆ ಕಡೆಗೆ ಹೋಗುವ ರೈಲುದಾರಿಯ ಕುಪ್ಪಂನಲ್ಲಿ. 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನ ವಿಜ್ಞಾನದ ಉಪಕರಣಗಳನ್ನು ವಾಹನಕ್ಕೆ ತುಂಬಿಸಿ ಸರ್ಕಾರಿ ಶಾಲೆಗಳ ಬಾಗಿಲಿಗೆ ಒಯ್ಯುವ ಸಂಚಾರಿ ಪ್ರಯೋಗಾಲಯಗಳಿಂದ ಹೆಸರಾಯಿತು. ಮಕ್ಕಳು ಪ್ರಯೋಗವನ್ನು ದೂರದಿಂದ ನೋಡುವುದಲ್ಲ, ಮುಟ್ಟಿ ಮಾಡಬೇಕು ಎಂಬುದು ಅದರ ನಿಲುವು.

ಈ ಎರಡೂ ಪ್ರಯತ್ನಗಳಲ್ಲಿ ತೆರೆಯಿಲ್ಲ, ಉಪಗ್ರಹವಿಲ್ಲ. ಆದರೆ ಮುಂದೆ ಬರಲಿದ್ದ ವಿಡಿಯೊ ಯುಗಕ್ಕೆ ಬೇಕಾದ ಪಾಠ ಇವುಗಳಲ್ಲಿತ್ತು. ಸಾಮಗ್ರಿ ಎಲ್ಲಿಂದಾದರೂ ಬರಲಿ, ಅದನ್ನು ಮಕ್ಕಳ ಊರಿಗೆ, ಮಾತಿಗೆ ಹೊಂದಿಸುವವರು ಅಲ್ಲಿನ ಶಿಕ್ಷಕರೇ.

ಕನ್ನಡ ಮೂಡದ ಕಂಪ್ಯೂಟರು

ಕೇಂದ್ರ ಸರ್ಕಾರ 1984ರಲ್ಲಿ 'ಕ್ಲಾಸ್' ಯೋಜನೆಯಡಿ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ಯಂತ್ರದ ಭಾಷೆ ಇಂಗ್ಲಿಷ್, ಪಾಠದ ಭಾಷೆ ಇಂಗ್ಲಿಷ್. ಕನ್ನಡ ಮಾಧ್ಯಮದ ಶಿಕ್ಷಕರು ತಮ್ಮದೇನನ್ನಾದರೂ ಅದರಲ್ಲಿ ಬರೆಯುವಂತಿರಲಿಲ್ಲ.

ಅಂತರ್ಜಾಲದಲ್ಲಿ ಕನ್ನಡದ ಮೊದಲ ತಾಣ 'ವಿಶ್ವಕನ್ನಡ'ವನ್ನು ಡಾ. ಯು.ಬಿ. ಪವನಜ 1996ರಲ್ಲಿ ಆರಂಭಿಸಿದರು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಆದರೂ ಒಬ್ಬರ ಯಂತ್ರದಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರ ಯಂತ್ರದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸಂಕೇತ ನಿಗದಿ ಮಾಡುವ ಯೂನಿಕೋಡ್ ವ್ಯವಸ್ಥೆಯನ್ನು ಮೈಕ್ರೊಸಾಫ್ಟ್ ತನ್ನ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೂ ಅಳವಡಿಸಿದ್ದು 2001ರಲ್ಲಿ. ಒಂದು ಊರಿನಲ್ಲಿ ಬರೆದ ಕನ್ನಡ ಇನ್ನೊಂದು ಊರಿನಲ್ಲಿ ಕನ್ನಡವಾಗಿಯೇ ಕಾಣುವಂತಾದ ಮೇಲಷ್ಟೇ ಕನ್ನಡ ಬ್ಲಾಗುಗಳು ಅರಳಿದವು. ಶಿಕ್ಷಕರ ಬ್ಲಾಗುಗಳೂ ಅದೇ ಬಳ್ಳಿಯ ಕಾಯಿಗಳು.

ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ಮರುವರ್ಷ ಅಮೆರಿಕದ ಸಲ್ಮಾನ್ ಖಾನ್ ಎಂಬ ಯುವಕ, ದೂರದೂರಿನಲ್ಲಿದ್ದ ಸೋದರ ಸಂಬಂಧಿಗಳಿಗೆ ಹೇಳಿಕೊಡುತ್ತಿದ್ದ ಗಣಿತದ ಪಾಠಗಳನ್ನು ಅದರಲ್ಲಿ ಹಾಕಿದ. ಅದೇ ಬೆಳೆದು ಖಾನ್ ಅಕಾಡೆಮಿ ಆಯಿತು. ಆತನ ಪಾಠಗಳಲ್ಲಿ ಮುಖ ಕಾಣಿಸುವುದಿಲ್ಲ. ಕಪ್ಪು ತೆರೆಯ ಮೇಲೆ ಬಣ್ಣದ ಗೆರೆ, ಹಿಂದೆ ಮಾತು. ಹಾಗೆ ನೋಡಿದರೆ ಅದು ಹಳೆಯ ಕರಿಹಲಗೆಯೇ. ನಮ್ಮ ದೇಶದಲ್ಲಿ ಅರವಿಂದ ಗುಪ್ತಾ ಅವರು ಬೆಂಕಿಪೊಟ್ಟಣ, ಸೈಕಲ್ ಟ್ಯೂಬು, ಹಳೆಯ ಕಾಗದಗಳಿಂದ ವಿಜ್ಞಾನದ ಆಟಿಕೆ ಮಾಡುವ ಪುಟ್ಟ ವಿಡಿಯೊಗಳನ್ನು ಪುಣೆಯ ಮಕ್ಕಳ ವಿಜ್ಞಾನ ಕೇಂದ್ರದಿಂದ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಕೊಟ್ಟರು. ಅವು ನೋಡಿ ಮುಗಿಸುವ ವಿಡಿಯೊಗಳಲ್ಲ. ನೋಡಿದ ಮೇಲೆ ಮಾಡಬೇಕಾದವು.

ಕರ್ನಾಟಕದಲ್ಲಿ 2011ರಿಂದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಕಾರ್ಯಕ್ರಮ ನಡೆಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಜತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿತ್ತು. ಶಿಕ್ಷಕರು ಜ್ಯಾಮಿತಿಯ ಆಕೃತಿಗಳನ್ನು ತೆರೆಯ ಮೇಲೆ ಎಳೆದಾಡಿಸುವ 'ಜಿಯೊಜಿಬ್ರಾ' ತಂತ್ರಾಂಶ ಕಲಿತರು. ತಾವು ತಯಾರಿಸಿದ ಪಾಠ ಸಾಮಗ್ರಿಗಳನ್ನು ಹಂಚಿಕೊಂಡರು. ಅವುಗಳ ಭಂಡಾರವೇ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು'. ಅಲ್ಲಿರುವುದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಮ್ಮ ಊರಿಗೆ ಒಗ್ಗಿಸಿಕೊಳ್ಳಬಹುದು. ಅದುವರೆಗೆ ಪಠ್ಯ ಸಾಮಗ್ರಿ ಎಂದರೆ ಬೆಂಗಳೂರಿನಲ್ಲಿ ತಯಾರಾಗಿ ಕೆಳಗಿಳಿದು ಬರುವಂಥದ್ದು. ತರಗತಿಯಿಂದ ಮೇಲಕ್ಕೆ ಹೋಗುವ ದಾರಿ ಇಲ್ಲಿ ತೆರೆಯಿತು.

ನಿಲ್ಲಿಸುವ ಗುಂಡಿ

ಅಂತರ್ಜಾಲದ ವಿಡಿಯೊ ರೇಡಿಯೊ, ಉಪಗ್ರಹ ಟಿ.ವಿ.ಗಳಿಗಿಂತ ಭಿನ್ನವಾಗುವುದು ಎಲ್ಲಿ? ಚಿತ್ರದ ಗುಣಮಟ್ಟದಲ್ಲಲ್ಲ. ಅದಕ್ಕೆ ನಿಲ್ಲಿಸುವ ಗುಂಡಿ ಇದೆ, ಅದು ಶಿಕ್ಷಕರ ಬೆರಳಿನ ಕೆಳಗಿದೆ. ಮುಖ್ಯವಾದ ವ್ಯತ್ಯಾಸ ಇದೇ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಹೆಸರನ್ನು ಪುಸ್ತಕದಲ್ಲಿ ಓದುವ ಮಗು ನೋಡಿರುವುದು ಹೆಚ್ಚಾಗಿ ಒಣ ಮರಳನ್ನು. ನದಿ ದಡವನ್ನು ಕೊರೆಯುವುದು, ಮೆಕ್ಕಲು ಹರಡುವುದು, ಸಮುದ್ರ ಸೇರುವುದು ಹೇಗೆಂದು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಸಾಲದು. ಎರಡು ನಿಮಿಷದ ವಿಡಿಯೊ ಇಲ್ಲಿ ನಿಜವಾಗಿ ನೆರವಾಗುತ್ತದೆ. ಹಾಗೆಯೇ ಬೀಜ ಮೊಳೆಯುವ ಎಂಟು ಹತ್ತು ದಿನದ ಕೆಲಸವನ್ನು ಅರ್ಧ ನಿಮಿಷದಲ್ಲಿ ತೋರಿಸುವುದು, ಹೃದಯದ ಕವಾಟಗಳು ತೆರೆದು ಮುಚ್ಚುವುದು. ಕಣ್ಣಿಗೆ ಕಾಣದ್ದು, ತೀರ ದೂರದ್ದು, ತೀರ ನಿಧಾನವಾದದ್ದು: ಇವು ವಿಡಿಯೊಗೆ ತಕ್ಕ ವಿಷಯಗಳು.

ಕಣ್ಣೆದುರಿಗೇ ಇರುವುದಕ್ಕೆ ವಿಡಿಯೊ ಬೇಕಿಲ್ಲ. ಕೀಟಗಳ ಜೀವನಚಕ್ರಕ್ಕೆ ಹೊರದೇಶದ ಚಿಟ್ಟೆಯ ವಿಡಿಯೊ ಸುಲಭವಾಗಿ ಸಿಗುತ್ತದೆ. ಆದರೆ ಕೋಲಾರ ರೇಷ್ಮೆಯ ಜಿಲ್ಲೆ. ಹುಳು ಮೇಯಿಸುವ ಮನೆಯ ಮಗುವಿಗೆ ಮೊಟ್ಟೆ, ಹುಳು, ಗೂಡು, ಪತಂಗ ಎಲ್ಲವೂ ಗೊತ್ತು. ಹುಳು ನಾಲ್ಕು ಬಾರಿ ಪೊರೆ ಕಳಚುವುದನ್ನು ರೇಷ್ಮೆ ಬೆಳೆಗಾರರು 'ಜ್ವರ' ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಪುಸ್ತಕದ 'ಪೊರೆ ಕಳಚುವಿಕೆ' ಎಂದರೆ ಮನೆಯ 'ಜ್ವರ'ವೇ ಎಂದು ಹೇಳುವುದು ಯಾವ ವಿಡಿಯೊಗೂ ಗೊತ್ತಿಲ್ಲ. ಅದು ಗೊತ್ತಿರುವುದು ಆ ಊರಿನ ಶಿಕ್ಷಕರಿಗೆ. ಶ್ರೀನಿವಾಸಪುರದಲ್ಲಿ ಮಾವಿನ ಕಸಿಯ ಪಾಠವೂ ಹೀಗೆಯೇ. ಕಸಿ ಕಟ್ಟಿದ ಕೊಂಬೆಯ ಒಳಗೆ ಅಂಗಾಂಶಗಳು ಕೂಡಿಕೊಳ್ಳುವುದನ್ನು ತೆರೆಯಲ್ಲಿ ನೋಡಿ, ಕಸಿ ಕಟ್ಟುವ ಕೈಚಳಕವನ್ನು ತೋಟದಲ್ಲಿ ನೋಡಿದರೆ ಪಾಠ ಪೂರ್ತಿಯಾಗುತ್ತದೆ.

ದೂರದ್ದನ್ನೂ ಹತ್ತಿರದ್ದನ್ನೂ ಬೆಸೆಯಲು ಕೋಲಾರದಲ್ಲಿ ಸಿಗುವಷ್ಟು ಅವಕಾಶ ಬೇರೆಡೆ ಸಿಗುವುದು ಅಪರೂಪ. ಯೂರೋಪಿನ ಅಥವಾ ಜಪಾನಿನ ಭೂಗತ ಪ್ರಯೋಗಾಲಯಗಳಲ್ಲಿ ನ್ಯೂಟ್ರಿನೊ ಕಣಗಳನ್ನು ಹುಡುಕುವ ವಿಡಿಯೊಗಳು ಬೇಕಾದಷ್ಟಿವೆ. ಅವನ್ನು ನೋಡುವ ಮಗುವಿಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಸಿಕ್ಕಿದ್ದು ತನ್ನದೇ ಜಿಲ್ಲೆಯ ಚಿನ್ನದ ಗಣಿಯ ಆಳದಲ್ಲಿ ಎಂದು ಹೇಳುವವರು ಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜತೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ನಡೆಸಿದ ಪ್ರಯೋಗ ಅದು. ವಿದ್ಯುತ್ತಿನ ಪಾಠಕ್ಕೆ 1902ರ ಶಿವನಸಮುದ್ರವಿದೆ. ಅಲ್ಲಿ ತಯಾರಾದ ವಿದ್ಯುತ್ ಸುಮಾರು 150 ಕಿಲೋಮೀಟರ್ ದೂರದ ತಂತಿಯಲ್ಲಿ ಮೊದಲು ಹರಿದದ್ದು ಇದೇ ಗಣಿಗಳಿಗೆ. ಗಣಿಗಳು 2001ರಲ್ಲಿ ಮುಚ್ಚಿದವು, ಪಾಠ ಉಳಿದಿದೆ. ಇನ್ನು ನೀರಿನ ಶುದ್ಧೀಕರಣದ ಬಗ್ಗೆ ಹೇಳುವಾಗ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ ಇದೆ. 2018ರಲ್ಲಿ ಮೊದಲ ನೀರು ಬಂತು. ಆ ನೀರಿನ ಬಗ್ಗೆ ಮನೆಮನೆಯಲ್ಲೂ ಚರ್ಚೆ ಇದ್ದೇ ಇದೆ. ತೆರೆಯ ಮೇಲಿನ ಶುದ್ಧೀಕರಣ ಘಟಕ ಅಲ್ಲಿ ಬರಿಯ ಚಿತ್ರವಾಗಿ ಉಳಿಯುವುದಿಲ್ಲ.

ರೈಸ್ ಅವರ ಶಾಸನ ಸಂಪುಟದ ಮಾತು ಬರುವುದು ಇಲ್ಲಿಯೇ. ಒಂದು ಕಾಲದಲ್ಲಿ ಅದನ್ನು ನೋಡಲು ದೊಡ್ಡ ಗ್ರಂಥಾಲಯಕ್ಕೆ ಹೋಗಬೇಕಿತ್ತು. ಈಗ ಅದರ ಪುಟಗಳು ಅಂತರ್ಜಾಲದಲ್ಲಿ ಉಚಿತ. ಆವಣಿಯ ಗುಡಿಗಳ ಶಾಸನಗಳನ್ನೋ, ಕೋಲಾರಮ್ಮನ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳನ್ನೋ ಮೊಬೈಲಿನಲ್ಲಿ ತೆರೆದು, ಅದೇ ಊರಿನ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಬಹುದು. ಮೂರು ನಾಲ್ಕು ಭಾಷೆಗಳು ಒಂದೇ ಜಿಲ್ಲೆಯಲ್ಲಿ ಸಾವಿರ ವರ್ಷದಿಂದ ಬಾಳಿವೆ ಎಂಬುದು ಮನೆಯಲ್ಲಿ ತೆಲುಗಾಡುವ ಮಗುವಿಗೆ ಧೈರ್ಯ ಕೊಡುವ ಸಂಗತಿ.

ಪರೀಕ್ಷೆಯ ಕಾಲ

ಅಂತರ್ಜಾಲ ಪಾಠದ ಶಕ್ತಿಯೂ ಮಿತಿಯೂ ಒಟ್ಟಿಗೆ ಬಯಲಾದದ್ದು 2020ರಲ್ಲಿ. ಕೊರೊನಾದಿಂದ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಶಿಕ್ಷಣ ಇಲಾಖೆ ಯೂಟ್ಯೂಬಿನಲ್ಲಿ 'ಮಕ್ಕಳ ವಾಣಿ' ವಾಹಿನಿ ಆರಂಭಿಸಿತು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ 'ಸೇತುಬಂಧ' ಪಾಠಗಳು ಬಂದವು. 2017ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಜಾಲತಾಣ 'ದೀಕ್ಷಾ'ಕ್ಕೆ ಪಠ್ಯಪುಸ್ತಕದ ಕ್ಯೂಆರ್ ಸಂಕೇತಗಳು ದಾರಿ ತೋರಿದವು.

ಆದರೆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಯೋಜನೆ ಬಂದಾಗ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು. ಅಂತರ್ಜಾಲವಿರುವ ಸ್ಮಾರ್ಟ್‌ಫೋನ್ ಇದ್ದವರು, ಸಾಧಾರಣ ಫೋನ್ ಇದ್ದವರು, ಯಾವ ಫೋನೂ ಇಲ್ಲದವರು. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಮೂರನೆಯ ಗುಂಪಿಗೆ ಅದು ಇಲ್ಲದಂತೆಯೇ. ಶಿಕ್ಷಕರು ಊರೂರಿಗೆ ಹೋಗಿ ದೇವಸ್ಥಾನದ ಕಟ್ಟೆ, ಅರಳಿಕಟ್ಟೆ, ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಕೂಲಿಮಠದ ಜಗಲಿ ಮತ್ತೆ ಕೆಲಸಕ್ಕೆ ಬಂತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು.

ಅದೇ ಅವಧಿಯಲ್ಲಿ ಮನೆಮನೆಗೆ ವಿಡಿಯೊ ಪಾಠ ಮಾರುವ ಕಂಪೆನಿಗಳು ಭಾರಿಯಾಗಿ ಬೆಳೆದವು. ಅವುಗಳಲ್ಲಿ ದೊಡ್ಡದಾದ ಬೆಂಗಳೂರಿನ ಬೈಜೂಸ್‌ಗೆ 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. 2024ರ ಜುಲೈನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಶಾಲೆಗಳು ತೆರೆದ ಕೂಡಲೇ ಮಕ್ಕಳು ತೆರೆಯನ್ನು ಬಿಟ್ಟು ತರಗತಿಗೆ ಮರಳಿದರು. ಎಡಿಸನ್ ಮಾತು ನೂರು ವರ್ಷದ ಮೇಲೂ ನಿಜವಾಗಲಿಲ್ಲ.

ಜಾಗ್ರತೆಯ ಮಾತು

ತರಗತಿಯಲ್ಲಿ ವಿಡಿಯೊ ಬಳಸಲು ದೊಡ್ಡ ಸಲಕರಣೆ ಬೇಕಿಲ್ಲ. ಸಂಪರ್ಕ ಸಿಗುವ ಕಡೆ ಮುಂಚಿತವಾಗಿ ಫೋನಿಗೆ ಇಳಿಸಿಕೊಂಡರೆ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಇಳಿಸಿಕೊಳ್ಳಲು ಅನುಮತಿ ಇರುವ, ಮುಕ್ತ ಪರವಾನಗಿಯ ಸಾಮಗ್ರಿಯನ್ನು ಆರಿಸಿಕೊಳ್ಳುವುದು ಸರಿಯಾದ ಕ್ರಮ. ಜಾಹೀರಾತು, ತಾನಾಗಿ ಓಡುವ ಮುಂದಿನ ವಿಡಿಯೊ ಇವುಗಳ ಕಾಟವೂ ಆಗ ತಪ್ಪುತ್ತದೆ. ತರಗತಿಗೆ ಒಯ್ಯುವ ಮೊದಲು ಶಿಕ್ಷಕರು ಪೂರ್ತಿ ನೋಡಲೇಬೇಕು. ಅಂತರ್ಜಾಲದಲ್ಲಿ ತಪ್ಪು ಮಾಹಿತಿಗೂ ಬರವಿಲ್ಲ. ಪಠ್ಯಪುಸ್ತಕಕ್ಕಿರುವ ಪರಿಶೀಲನಾ ಸಮಿತಿ ಅಲ್ಲಿಲ್ಲ. ಮಾತು ಇಂಗ್ಲಿಷಿನಲ್ಲಿದ್ದರೆ ಧ್ವನಿ ಅಡಗಿಸಿ, ಚಿತ್ರಕ್ಕೆ ಕನ್ನಡದಲ್ಲಿ ತಾವೇ ಮಾತು ಕೊಡಬಹುದು. ಅಗತ್ಯ ಬಿದ್ದರೆ ನಡುವೆ ಒಂದು ತೆಲುಗು ಮಾತು ಸೇರಿದರೂ ನಷ್ಟವಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಡುವೆ ನಿಲ್ಲಿಸಿ ಕೇಳುವುದು. ಮುಂದೆ ಏನಾಗಬಹುದು? ಹಾಗೇಕೆ ಆಯಿತು? ನಮ್ಮೂರಿನಲ್ಲಿ ಇಂಥದ್ದು ಎಲ್ಲಿದೆ? ಪ್ರಶ್ನೆಯಿಲ್ಲದೆ ಓಡುವ ವಿಡಿಯೊ ಮಕ್ಕಳನ್ನು ಸುಮ್ಮನೆ ಕೂರಿಸುತ್ತದೆ. ಸದ್ದಿಲ್ಲದ ತರಗತಿಯನ್ನು ಕಲಿಯುತ್ತಿರುವ ತರಗತಿ ಎಂದು ತಪ್ಪು ತಿಳಿಯುವ ಅಪಾಯ ಇಲ್ಲುಂಟು.

ಇನ್ನೊಂದು ಕೊರತೆ ಉಳಿದಿದೆ. ಜಗತ್ತಿನ ಜ್ವಾಲಾಮುಖಿಗಳ ಬಗ್ಗೆ ನೂರಾರು ವಿಡಿಯೊ ಸಿಗುತ್ತವೆ. ಕುರುಡುಮಲೆಯ ಶಿಲ್ಪ, ಪಾಲಾರ್ ಕಣಿವೆಯ ಕೆರೆಗಳ ಸರಪಳಿ, ರೇಷ್ಮೆಹುಳುವಿನ ಜ್ವರ ಇವುಗಳನ್ನು ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿ ವಿವರಿಸುವ ಸಾಮಗ್ರಿ ಸಾಲದು. ಅದನ್ನು ಹೊರಗಿನವರು ತಯಾರಿಸಿ ಕೊಡುವುದಿಲ್ಲ. ಮುಳಬಾಗಿಲು ಡಿ.ವಿ.ಜಿ.ಯವರನ್ನು ಕೊಟ್ಟ ಊರು. ಮಾಸ್ತಿಯವರು ಮಾಲೂರು ತಾಲ್ಲೂಕಿನವರು. ಮನೆಯಲ್ಲಿ ಕನ್ನಡವಲ್ಲದ ಮಾತಾಡಿಯೂ ಕನ್ನಡದಲ್ಲಿ ಬರೆದು ಕನ್ನಡವನ್ನು ಬೆಳೆಸಿದ ಪರಂಪರೆ ಈ ತಾಲ್ಲೂಕುಗಳದ್ದು. ಇಲ್ಲಿನ ಶಿಕ್ಷಕರು ವಿಡಿಯೊ ನೋಡಿ ತೋರಿಸುವುದರ ಜತೆಗೆ ತಮ್ಮ ಊರನ್ನು ತಾವೇ ಚಿತ್ರಿಸಿ, ಬರೆದು, ಬೇರೆ ಜಿಲ್ಲೆಯ ಮಕ್ಕಳಿಗೂ ಕಳುಹಿಸುವ ಕೆಲಸ ಈಗ ಆಗಬೇಕಾಗಿದೆ. ಅದಕ್ಕೆ ಬೇಕಾದ ಕ್ಯಾಮೆರಾ ಹೆಚ್ಚಿನವರ ಜೇಬಿನಲ್ಲಿ ಆಗಲೇ ಇದೆ.